ಹಾಲಿನ ಫ್ರೀಜರಿನ ಮೈನಸ್

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಟರ್ಮಿನಲ್ ಪರದೆಗಳ ಪ್ರೋಗ್ರಾಂ ಬರೆಯುವಾಕೆಯನ್ನು ಎಲ್ಲರೂ ಚುಕ್ಕಿ ಮೇಡಂ ಎಂದೇ ಕರೆಯುತ್ತಿದ್ದರು. ಯಾರಾದರೂ ಹೊಸ ಪರದೆ ಬೇಕೆಂದು ಬಂದರೆ ಆಕೆ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಅಂಕಿ, ಚುಕ್ಕಿ ಎಲ್ಲಿ?" ಹಸಿರು ಅಕ್ಷರದ ಆ ಹಳೇ ಟರ್ಮಿನಲ್‌ಗಳಿಗೆ ತಾವಾಗಿ ಏನೂ ತಿಳಿಯದು. ಅಂಕಿಗೆ ಎಷ್ಟು ಜಾಗ, ದಶಾಂಶ ಎಲ್ಲಿ, ಮೈನಸ್ ತೋರಿಸಬೇಕೋ ಬೇಡವೋ, ಎಲ್ಲವನ್ನೂ ಬಿಡಿಸಿ ಹೇಳಬೇಕು. ಹೇಳದಿದ್ದರೆ ತೋರಿಸುವುದಿಲ್ಲ, ಅಷ್ಟೇ. ಇಷ್ಟೆಲ್ಲ ಗೊತ್ತಿದ್ದವಳೇ ಎಡವಿದಳು ನೋಡಿ.

ಬೆಳಗ್ಗೆ ಒಂಬತ್ತೂವರೆಗೆ ದಾನವಾಗಿ ಬಂದ ತಾಯಿಹಾಲಿನ ಸಂಗ್ರಹದಿಂದ ಹಿರಿಯ ನರ್ಸಮ್ಮನ ಫೋನು ಬಂತು.

"ನಿನ್ನ ಹೊಸ ಪರದೆ ನೋಡಿದೆ ಅಮ್ಮಾ. ರಾತ್ರಿಯೆಲ್ಲ ಫ್ರೀಜರು ಹದಿನೆಂಟು ಡಿಗ್ರಿ ಇತ್ತಂತೆ. ಅಲ್ಲಿಗೆ ಹಾಲು ಕರಗಿ ಮತ್ತೆ ಗಟ್ಟಿಯಾಗಿದೆ ಅಂತಾಯ್ತು. ಎಲ್ಲಾ ಬಿಸಾಕ್ತಿದೀನಿ. ನಿಂಗೆ ಮೊದಲು ಹೇಳೋಣ ಅಂತ ಫೋನ್ ಮಾಡಿದೆ."

ಚುಕ್ಕಿಯ ತಂಗಿಯ ಮಗಳು ಏಳು ತಿಂಗಳಿಗೇ ಹುಟ್ಟಿ, ಮೂರನೇ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ ಐದು ದಿನವಾಗಿತ್ತು. ತಂಗಿಗೆ ಇನ್ನೂ ಹಾಲು ಇಳಿದಿರಲಿಲ್ಲ. ಪುಡಿಹಾಲು ಆ ಪುಟ್ಟ ಕರುಳಿಗೆ ಆಗದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಎರಡು ಗಂಟೆಗೊಮ್ಮೆ ಮಗುವಿಗೆ ಹೋಗುತ್ತಿದ್ದದ್ದು ಈ ಫ್ರೀಜರಿನ ಹಾಲೇ.

"ಬಾಗಿಲು ತೆಗೀಬೇಡಿ, ಬಂದೆ!" ಎಂದವಳೇ ಮೆಟ್ಟಿಲಿಳಿದು ಓಡಿದಳು.

ನರ್ಸಮ್ಮ ಹಳದಿ ಚೀಲ ಬಿಡಿಸಿಕೊಂಡು ಫ್ರೀಜರಿನ ಮುಂದೆ ನಿಂತಿದ್ದರು. ಬಾಗಿಲ ಮೇಲಿನ ಮಾಪಕದಲ್ಲಿ ಮೈನಸ್ ಹತ್ತೊಂಬತ್ತು ಕಾಣುತ್ತಿತ್ತು.

"ಈಗೇನೋ ಸರಿಯಾಗಿದೆ. ರಾತ್ರಿ ಕೆಟ್ಟು ಬೆಳಗ್ಗೆ ಸರಿಹೋಗಿರಬಹುದಲ್ಲ? ಒಂದ್ಸಲ ಕರಗಿದ್ದನ್ನ ಮಗೂಗೆ ಕೊಡೋ ಹಾಗಿಲ್ಲ," ಎಂದರು.

ಪಕ್ಕದ ಟರ್ಮಿನಲ್‌ನಲ್ಲಿ ರಾತ್ರಿಯ ಒಂಬತ್ತು ಸಾಲುಗಳಿದ್ದವು: 18.2, 18.6, 19.0... ಒಂದಕ್ಕೂ ಮೈನಸ್ ಗೀಟಿಲ್ಲ. ನೋಡುತ್ತಿದ್ದಂತೆ ಚುಕ್ಕಿಗೆ ಹೊಳೆಯಿತು. ಹೋದ ವಾರ ಈ ಪರದೆಯನ್ನು ಅವಳು ಹೊಸದಾಗಿ ಬರೆದಿರಲಿಲ್ಲ, ಔಷಧಿ ಫ್ರಿಜ್ಜಿನ ಪರದೆಯನ್ನೇ ನಕಲು ಮಾಡಿದ್ದಳು. ಆ ಫ್ರಿಜ್ಜು ಸೊನ್ನೆಗಿಂತ ಕೆಳಗೆ ಹೋಗುವುದೇ ಇಲ್ಲ, ಹಾಗಾಗಿ ಅದರಲ್ಲಿ ಮೈನಸ್ ತೋರಿಸಲು ಹೇಳಿರಲಿಲ್ಲ.

ಹೊಳೆದರೆ ಸಾಕೇ? ರಾತ್ರಿಪಾಳಿಯವನು ಮಾಪಕ ನೋಡಿ ಅಂಕಿ ಒತ್ತಿ, ಕೊನೆಗೆ ಮೈನಸ್ ಕೀಲಿ ಒತ್ತಬೇಕು. ಅವನು ಬರೀ ಅಂಕಿ ಒತ್ತಿದ್ದರೆ ಫ್ರೀಜರು ನಿಜವಾಗಿಯೂ ಕೆಟ್ಟಿತ್ತೆಂದೇ ಲೆಕ್ಕ. ಅವನನ್ನು ಕೇಳೋಣವೆಂದರೆ ಮನೆಗೆ ಹೋಗಿ ಮಲಗಿದ್ದ, ಫೋನು ಸ್ವಿಚ್ ಆಫ್.

"ಮೈನಸ್ಸನ್ನ ನನ್ನ ಪರದೆಯೇ ನುಂಗಿದೆ ಅನ್ಸುತ್ತೆ, ನರ್ಸಮ್ಮ."

"ನಿಮ್ಮ ಮನೆ ಮಗು ಅಂತ ಹೀಗೆ ಹೇಳ್ತಿಲ್ಲ ತಾನೇ?"

ಆ ಮಾತು ಚುರುಕ್ಕೆಂದಿತು. ಆದರೆ ಕೇಳಿದ್ದರಲ್ಲಿ ತಪ್ಪೇನಿತ್ತು?

"ಅವನು ಒತ್ತಿದ್ದು ಉಳಿದಿರೋ ಫೈಲನ್ನೇ ತೆಗೆದು ನೋಡ್ತೀನಿ. ಅಲ್ಲೂ ಬರೀ ಅಂಕಿ ಇದ್ರೆ ನಾನೇ ನನ್ನ ಕೈಯಾರೆ ಬಿಸಾಕ್ತೀನಿ."

ಆ ಯಂತ್ರಕ್ಕೆ ಒಂದು ಚಾಳಿಯಿತ್ತು. ಸಂಖ್ಯೆ ಸೊನ್ನೆಗಿಂತ ಕಡಿಮೆಯಾದರೆ ಅದರ ಕೊನೆಯ ಅಂಕಿಯ ಮೇಲೇ ಗುರುತು ಹಾಕಿಕೊಳ್ಳುತ್ತಿತ್ತು. ಅಲಂಕಾರವಿಲ್ಲದೆ ಫೈಲನ್ನು ಹಸಿಯಾಗಿ ತೆರೆದರೆ ದಶಾಂಶದ ಚುಕ್ಕಿ ಇರದು, ಆ ಕೊನೆಯ ಅಂಕಿಯ ಜಾಗದಲ್ಲಿ ಬೇರೇನೋ ಅಕ್ಷರ ಕೂತಿರುತ್ತದೆ. ಅವಸರದಲ್ಲಿ ಚುಕ್ಕಿ ಒತ್ತಿದ ಫೈಲಿನ ಹೆಸರು ಎರಡು ಸಲ ತಪ್ಪಾಯಿತು. ಮೂರನೇ ಸಲಕ್ಕೆ ತೆರೆದುಕೊಂಡಿತು.

18K. 18O. 19}.

ಹೋದ ಜೀವ ಬಂದಂತಾಗಿ ಅವಳು ಪಕ್ಕಕ್ಕೆ ಸರಿದು ನರ್ಸಮ್ಮನಿಗೆ ಪರದೆ ತೋರಿಸಿದಳು.

"ಅಯ್ಯೋ, ಅಂಕಿ ಜಾಗದಲ್ಲಿ ಇಂಗ್ಲಿಷ್ ಅಕ್ಷರ! ಇದೂ ಕೆಟ್ಟುಹೋಯ್ತಾ?"

"ಇಲ್ಲ ನರ್ಸಮ್ಮ, ಅದೇ ಮೈನಸ್ಸು! ಎರಡರ ಜಾಗದಲ್ಲಿ ಕೆ ಬಂದ್ರೆ ಮೈನಸ್ ಎರಡು ಅಂತ. ಅವನು ಕೀಲಿ ಸರಿಯಾಗೇ ಒತ್ತಿದಾನೆ. ಹಾಲು ಕರಗಿಲ್ಲ."

ನರ್ಸಮ್ಮ ಸುಲಭಕ್ಕೆ ಬಿಡುವವರಲ್ಲ. ಕನ್ನಡಕ ಏರಿಸಿ, ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ನೋಡಿದರು.

"ಒಂಬತ್ತಕ್ಕೆ ಒಂಬತ್ತೂ ಇದೆ," ಎಂದು ಉಸಿರು ಬಿಟ್ಟು ಹಳದಿ ಚೀಲ ಮಡಿಸಿದರು. ಆಮೇಲೆ ಶುರುವಾಯಿತು ಮಂಗಳಾರತಿ. "ಒಂದು ಗೀಟು ತೋರ್ಸೋಕೆ ನಿಂಗೇನು ರೋಗ? ಇಷ್ಟು ತಾಯಂದಿರ ಹಾಲು ತಿಪ್ಪೆ ಸೇರ್ತಿತ್ತಲ್ಲೇ!"

ಚುಕ್ಕಿ ಪೂರ್ತಿ ಬೈಸಿಕೊಂಡಳು. ಇಷ್ಟು ಸಂತೋಷದಿಂದ ಅವಳು ಯಾವತ್ತೂ ಬೈಸಿಕೊಂಡಿರಲಿಲ್ಲ. ಪರದೆಯ ವಿವರಣೆಯಲ್ಲಿ ಒಂದೇ ಒಂದು ಅಕ್ಷರ ಬದಲಿಸಿ ಮತ್ತೆ ತೆರೆದು ತೋರಿಸಿದಳು. 18.2-

"ಗೀಟು ಹಿಂದುಗಡೆ ಯಾಕೆ ಬಂತು?"

"ತಡವಾಗಿ ಬಂತಲ್ಲ, ಅದಕ್ಕೆ ಹಿಂದೆ ನಿಂತಿದೆ."

ನರ್ಸಮ್ಮನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಂದು ಬಾಟಲಿ ತೆಗೆದು ಬೆಚ್ಚನೆಯ ನೀರಿನಲ್ಲಿಟ್ಟರು.

ಹನ್ನೊಂದಕ್ಕೆ ಚುಕ್ಕಿ ಮೂರನೇ ಮಹಡಿಗೆ ಹೋದಳು. ಸಪೂರ ಕೊಳವೆಯಲ್ಲಿ ಹಾಲು ಹನಿಹನಿಯಾಗಿ ಇಳಿಯುತ್ತಿತ್ತು. ಪೆಟ್ಟಿಗೆಯ ಪಕ್ಕದಲ್ಲಿ ಕೂತ ತಂಗಿಗೆ ಏನೂ ಗೊತ್ತಿರಲಿಲ್ಲ. ಹೇಳದಿದ್ದರೆ ನಡೆಯುತ್ತಿತ್ತು, ಆದರೆ ಚುಕ್ಕಿಗೆ ಮನಸ್ಸು ತಡೆಯಲಿಲ್ಲ.

"ಇವತ್ತು ನಿನ್ನ ಮಗಳ ಹಾಲೆಲ್ಲ ನನ್ನಿಂದಲೇ ಮಣ್ಣುಪಾಲಾಗ್ತಿತ್ತು ಕಣೇ," ಎಂದು ಗೀಟಿನ ಕಥೆಯನ್ನೆಲ್ಲ ಹೇಳಿದಳು.

ತಂಗಿ ಮಗುವಿನಿಂದ ಕಣ್ಣು ಕೀಳಲಿಲ್ಲ. ಅಕ್ಕನ ಕೈ ಹಿಡಿದೆಳೆದು ಪಕ್ಕಕ್ಕೆ ಕೂರಿಸಿಕೊಂಡಳು.

"ಆಗ್ಲಿಲ್ವಲ್ಲ, ಸುಮ್ನಿರಕ್ಕ. ಕುಡೀತಿದಾಳೆ ನೋಡು."