ಮೊದಲ ಚಮಚ

ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಬೇಕು. ಕೃಷ್ಣಾ ದಂಡೆಯ ಆ ಶಾಲೆಯಲ್ಲಿ ನಾಲ್ಕು ವರ್ಷದಿಂದ ಮೊದಲ ಚಮಚ ಉಜ್ವಲಾ ಟೀಚರದ್ದೇ. ಅಡುಗೆಯ ಸುಂದರಾ ಚಮಚ ಹಿಡಿದರೆ ನಿಂತಲ್ಲೇ ಬಾಯಿ ತೆರೆಯುತ್ತಿದ್ದರು.

ಈ ಬುಧವಾರ ಮಾತ್ರ ಹಿಂದೆ ಸರಿದರು. "ಇವತ್ತ ನಂದು ಉಪವಾಸ ಐತಿ, ಸುಂದರಾ. ನೀನ ನೋಡು."

"ಯಾವ ದೇವರದ್ರಿ ಅಕ್ಕೋರ? ಹತ್ತ ಗಂಟೆಕ್ಕ ನನ್ನ ಡಬ್ಬಿಯೊಳಗಿನ ಅರ್ಧಾ ರೊಟ್ಟಿ ತಿಂದ್ರಲ್ಲ, ಆ ದೇವರದ?" ಸುಂದರಾ ನಕ್ಕಳು.

ಟೀಚರ್ ನಗಲಿಲ್ಲ. ಅವರ ಕಣ್ಣು ಪಾತೇಲಿಯಲ್ಲಿದ್ದ ಪಾಲಕ್ ಬೇಳೆಯ ಮೇಲಿತ್ತು.

ಪಾಲಕ್ ಶಾಲೆಯ ಕೈತೋಟದ ಮಡಿಯದೇ. ಅದೇ ಶಾಲೆಯಲ್ಲಿ ಓದುವ ಸುಂದರಾಳ ಮಗಳು ಕಾಂಚನಳಿಗೆ ರಕ್ತ ಕಡಿಮೆ ಎಂದು ತಪಾಸಣೆಯಲ್ಲಿ ಬಂದಾಗ, "ಹಸರ ತಪ್ಪಲ ತಿನಸು, ಇಲ್ಲೇ ಬೆಳಿಯೂಣು" ಎಂದು ಬೀಜ ತಂದುಕೊಟ್ಟವರು ಇದೇ ಟೀಚರ್. ಸುಂದರಾ ದಿನವೂ ನೀರು ಹೊತ್ತು ಹಾಕಿದ್ದಳು. ಈ ವಾರ ಹುಳು ಕಾಣದಾದಾಗ, ಮನೆಯ ಒಲೆಯಿಂದ ತಂದು ಎರಚಿದ ಬೂದಿಯ ಗುಣವೆಂದು ಹಿಗ್ಗಿದ್ದಳು.

"ಅಕ್ಕೋರ, ಮಡಿಗೆ ಏನ ಹಾಕೀರಿ?"

"ನಾಳಿಗೆ ತೋಟದ ಬಹುಮಾನಕ್ಕ ನೋಡಾಕ ಬರ್ತಾರ. ಎಲಿ ತೂತ ಬಿದ್ದಿದ್ರ ಹೆಂಗ? ರವಿವಾರ ಸಾಲಿ ಮಗ್ಗಲಿನ ದಾದಾಸಾಹೇಬರ ದ್ರಾಕ್ಷಿಗೆ ಹುಳದ ಔಷಧ ಹೊಡದು ಟಾಕಿಯೊಳಗ ಉಳಿದಿತ್ತು. ಇಲ್ಲೂ ಒಂದ ಸಲ ಹೊಡಸಿದೆ. ನೀ ತೊಳದೀಯಲ್ಲ, ಏನೂ ಆಗೂದಿಲ್ಲ."

"ಏನೂ ಆಗೂದಿಲ್ಲಂದ್ರ ತಿನ್ರಿ."

ಚಮಚ ಚಾಚಿಕೊಂಡೇ ಇತ್ತು. ಟೀಚರ್ ಸೆರಗು ಸರಿಪಡಿಸಿಕೊಂಡರು.

ಹೊರಗೆ ತಾಟುಗಳ ಸದ್ದು. ಸುಂದರಾಳಿಗೆ ಸೋಮವಾರದ ಸಂಜೆ ನೆನಪಾಯಿತು. ಕಾಂಚನಳಿಗೆಂದು ಹಿಡಿ ಪಾಲಕ್ ಕಿತ್ತು ಉಡಿಯಲ್ಲಿ ಕಟ್ಟಿಕೊಂಡು ಹೊರಟಿದ್ದಳು. ಟೀಚರ್ ಗೇಟಿನಲ್ಲೇ ನಿಂತಿದ್ದರು. ಮಂಗಳವಾರವೂ ಹಾಗೇ.

"ನನ್ನ ಉಡಿಯೊಳಗ ಏನೈತಿ ಅಂತ ನಿಮಗ ಗೊತ್ತಿತ್ತು."

"ಹೇಳಬೇಕಂದೆ, ಸುಂದರಾ... ನಿನ್ನ ಮಾರಿ ನೋಡಿ ಬಾಯಿ ಬರಲಿಲ್ಲ."

ಸುಂದರಾ ಪಾತೇಲಿಯನ್ನು ಹಿತ್ತಿಲಿಗೆ ಒಯ್ದು ಗುಂಡಿಗೆ ಸುರಿದಳು. ಹಾಲು ಕಾಯಿಸಿ ಅನ್ನಕ್ಕೆ ಕಲಸಿದಳು. ಸಾಲಿನ ಮೊದಲಿಗೆ ಕುಳಿತಿದ್ದ ಕಾಂಚನ ಇಣುಕಿ, "ಯವ್ವಾ, ಪಾಲಕ ಎಲ್ಲಿ?" ಎಂದಳು.

ಎರಡು ಸಂಜೆ ತಾನೇ ತುತ್ತು ಮಾಡಿ ಉಣಿಸಿದ ಆ ಬಾಯಿಯನ್ನು ತಾಯಿ ನೋಡಿದಳು. "ಇವತ್ತ ಹಾಲ ಅನ್ನ. ಉಂಡ ಮ್ಯಾಲ ದವಾಖಾನಿಗೆ ಹೋಗಿ ಬರೂಣು."

ಟೀಚರ್ ಮೆಲ್ಲಗೆ ಬಳಿ ಬಂದು ರುಚಿ ನೋಡಲು ಅಂಗೈ ಚಾಚಿದರು. ಸುಂದರಾ ಮೊದಲ ಚಮಚವನ್ನು ತನ್ನ ಬಾಯಿಗೆ ಹಾಕಿಕೊಂಡಳು.