ಗಾಜಿನ ತೊಟ್ಟಿಯ ಶರಣ

"ಎಲ್ಲಿ, ಕೈ ನೀಡು," ಎಂದಳು ಚನ್ನಾಜಮ್ಮ.

ರಾಮಮ್ಮ ನೀಡಿದಳು. ಮುದುಕಿ ಮುಟ್ಟಲಿಲ್ಲ, ಮುಟ್ಟಿದರೆ ಇನ್ನೊಂದು ಸಲ ಮೀಯಬೇಕಲ್ಲ! ದೂರದಿಂದಲೇ ಬಗ್ಗಿ, ಮೂಗರಳಿಸಿ, ಬೆರಳ ತುದಿಯಿಂದ ಮುಂಗೈವರೆಗೂ ಮೂಸಿದಳು. ಆಗಷ್ಟೇ ಹಂಡೆ ತಿಕ್ಕಿ ಎದ್ದು ಬಂದವಳ ಕೈಯಲ್ಲಿ ಬೂದಿ, ಹುಣಸೆಹಣ್ಣಿನ ವಾಸನೆ ಬಿಟ್ಟು ಇನ್ನೇನು ಇದ್ದೀತು? ಇದ್ದರೂ ಆಗುವುದೇನು? ಮೀನಿನ ನೀರು ಬದಲಿಸುವವಳ ಕೈ ಮೂಸಿ ಕಳ್ಳತನ ಹಿಡಿಯುತ್ತೇನೆ ಎನ್ನುವ ಬುದ್ಧಿವಂತಿಕೆಗೆ ಏನು ಹೇಳೋಣ!

"ಚೆನ್ನಾಗಿ ತೊಳ್ಕಂಡವ್ಳೆ," ಎಂದು ಮುದುಕಿ ಮಗನ ಕಡೆ ತಿರುಗಿದಳು. "ಮೂರು ಮೀನು ಮಾಯ ಆದ್ವಲ್ಲೋ ಗುರುಪಾದ. ಇವ್ಳ ಬುಟ್ರೆ ಆ ತೊಟ್ಟಿಗೆ ಕೈ ಆಕೋರು ಯಾರವ್ರೆ? ನಾವೇನು ತಿನ್ನೋರಾ?"

ಗುರುಪಾದಸ್ವಾಮಿ ಕೊಳ್ಳೇಗಾಲದ ರೇಷ್ಮೆ ನೂಲಿನ ವ್ಯಾಪಾರಿ. ಹಿತ್ತಲ ಕೊಟ್ಟಿಗೆಯಲ್ಲಿ ನಾಲ್ಕು ಚರಕ ಹಾಕಿ, ಗೂಡು ಬೇಯಿಸಿ ನೂಲು ತೆಗೆಸುತ್ತಿದ್ದ. ಆ ಸೀಮೆ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿ ಹತ್ತು ವರ್ಷ ಕಳೆದಿದ್ದರೂ ಅವನ ಓಡಾಟವೆಲ್ಲ ಇನ್ನೂ ಕೊಯಮತ್ತೂರಿನ ಕಡೆಗೇ. ಅಲ್ಲಿ ಯಾವನೋ ಮಿಲ್ಲಿನ ಸಾಹುಕಾರನ ಮನೆಯಲ್ಲಿ ಬಣ್ಣದ ಮೀನು ನೋಡಿ ಮರುಳಾಗಿ, ಅಂಥದೇ ಗಾಜಿನ ತೊಟ್ಟಿ ತರಿಸಿ ತನ್ನ ಹಜಾರದಲ್ಲೂ ಇಡಿಸಿದ. ಲಿಂಗ ಕಟ್ಟಿದವರ ಮನೆಯಲ್ಲಿ ಮೀನೇ ಎಂದು ಚನ್ನಾಜಮ್ಮ ಎರಡು ದಿನ ಉಣ್ಣಲಿಲ್ಲ. ಕೊನೆಗೆ ತಾಯಿ ಮಗ ರಾಜಿಯಾದರು: ಈ ಮನೆಯ ಜನ ಏನು ತಿನ್ನುತ್ತಾರೋ ಮೀನೂ ಅದನ್ನೇ ತಿನ್ನಬೇಕು, ಎರೆಹುಳ ಗಿರೆಹುಳ ಹೊಸಿಲು ದಾಟಕೂಡದು. ಅಂದಿನಿಂದ ಮೀನುಗಳಿಗೆ ಅವಲಕ್ಕಿ ಪುಡಿಯೇ ಗತಿಯಾಯಿತು. ನೀರು ಬದಲಿಸುವುದಕ್ಕೆ ಮಾತ್ರ ಮನೆಯವರೊಬ್ಬರೂ ಮುಂದೆ ಬರಲಿಲ್ಲ. ಹಿತ್ತಲಲ್ಲೇ ಮುಸುರೆ ತಿಕ್ಕಿ ಹೋಗುತ್ತಿದ್ದ ರಾಮಮ್ಮನಿಗೆ ಆ ಒಂದು ಕೆಲಸಕ್ಕಾಗಿ ಹಜಾರಕ್ಕೆ ಬರಲು ಅಪ್ಪಣೆಯಾಯಿತು.

ಆರು ತಿಂಗಳ ಹಿಂದೆ ಗುರುಪಾದಸ್ವಾಮಿ ನೆಂಟರ ಜೊತೆ ಶಿವನಸಮುದ್ರಕ್ಕೆ ಹೋದವನು ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದು ಪುಟ್ಟ ಜೀವವನ್ನು ಹಿಡಿದು ತಂದ. ಕಿರುಬೆರಳುದ್ದ ಇತ್ತು, ಮೈಯೊಳಗಿನದೆಲ್ಲ ಹೊರಗೆ ಕಾಣುತ್ತಿತ್ತು. ಮುಂದಿನ ಎರಡು ಕೈ ಜೋಡಿಸಿಕೊಂಡು ನಿಲ್ಲುತ್ತಿತ್ತು. "ನೋಡವ್ವ, ಕೈ ಮುಗೀತಾ ಅದೆ!" ಎಂದ. ಹುಟ್ಟಿದಾಗಿನಿಂದ ಸೀಗಡಿಯ ಮುಖ ಕಾಣದ ಮುದುಕಿ ಕರಗಿಹೋದಳು. ಅದಕ್ಕೆ ಶರಣ ಎಂದು ಹೆಸರಿಟ್ಟಳು. ದಿನಾ ಪೂಜೆ ಮುಗಿಸಿ ಬಂದು ತಾನೇ ಅದರ ಮುಂದೆ ನಾಲ್ಕು ಅವಲಕ್ಕಿ ಉದುರಿಸುವಳು.

ರಾಮಮ್ಮ ಹುಟ್ಟಿ ಬೆಳೆದದ್ದು ಸತ್ತೇಗಾಲದ ಹೊಳೆದಂಡೆಯಲ್ಲಿ. ಅಪ್ಪ ಬಲೆ ಬೀಸುತ್ತಿದ್ದ. "ಅದು ಸೀಗ್ಡಿ ಕಣ್ ಬುದ್ದಿ. ಬೆಳುದ್ರೆ ಮೀನ್ನೆಲ್ಲ ತಿಂದಾಕ್ತದೆ," ಎಂದು ಮೊದಲ ದಿನವೇ ಹೇಳಿದ್ದಳು. "ನಿಮ್ಗೆ ಏನು ಕಂಡ್ರೂ ತಿನ್ನೋ ಮಾತೇ," ಎಂದು ಅವನು ನಕ್ಕುಬಿಟ್ಟ. ಆಮೇಲೆ ಅವಳು ಬಾಯಿ ಬಿಡಲಿಲ್ಲ. ಒಂದು ದಿನ ಸೀಗಡಿ ಪೊರೆ ಕಳಚಿ ಮೆತ್ತಗಾಗಿದ್ದಾಗ ಕೆಂಪು ಮೀನುಗಳೆಲ್ಲ ಒಟ್ಟಾಗಿ ಅದನ್ನು ಮೂಲೆಗೆ ಅಟ್ಟಿ ಕುಕ್ಕಿ, ಒಂದು ಮೀಸೆಯನ್ನೇ ಕಿತ್ತುಹಾಕಿದವು. ಅಯ್ಯೋ ಪಾಪ ಎಂದು ರಾಮಮ್ಮನೇ ಒಡೆದ ಹೆಂಚಿನ ಚೂರೊಂದನ್ನು ಓರೆಯಾಗಿಟ್ಟು ಅದಕ್ಕೆ ಮರೆ ಮಾಡಿಕೊಟ್ಟಳು. ಈಗ ಅದು ಗೇಣುದ್ದವಾಗಿತ್ತು. ಕೈಗಳು ಕಪ್ಪಾಗಿ, ಇಕ್ಕಳದಂತೆ ಗಟ್ಟಿಯಾಗಿದ್ದವು. ಅದನ್ನು ಬದುಕಿಸಿದ ತಪ್ಪಿಗೆ ಈ ಅಪವಾದ ಅವಳ ತಲೆಗೇ ಬಂತು.

ಅಪವಾದ ಮನೆಯೊಳಗೇ ಉಳಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಕೈ ಮೂಸುವ ಮೊದಲೇ ಚನ್ನಾಜಮ್ಮ ಗೋಡೆಯಾಚೆಯ ದೊಡ್ಡಬಸಮ್ಮನಿಗೆ, ರಾಮಿ ಮೀನು ಕದ್ದು ತಿಂತಾ ಅವ್ಳೆ ಎಂದು ಕೂಗಿ ಹೇಳಿಯಾಗಿತ್ತು. ಗಂಡ ಸತ್ತ ಮೇಲೆ ರಾಮಮ್ಮನ ಒಲೆ ಉರಿಯುತ್ತಿದ್ದದ್ದು ಈ ಬೀದಿಯ ಮೂರು ಮನೆಗಳ ಮುಸುರೆಯಿಂದ. ಕಳ್ಳಿ ಎಂಬ ಹೆಸರು ಅಂಟಿತೆಂದರೆ ಮೂರು ಬಾಗಿಲೂ ಒಂದೇ ದಿನ ಮುಚ್ಚುತ್ತವೆ. ಅದು ಅವಳಿಗೆ ಗೊತ್ತಿತ್ತು.

"ಒಪ್ಕಂಡ್ಬುಡು ರಾಮಿ, ಬಯ್ಯಲ್ಲ," ಎಂದ ಗುರುಪಾದಸ್ವಾಮಿ ದೊಡ್ಡ ಮನಸ್ಸು ಮಾಡಿದವನಂತೆ. "ಇಲ್ಲಾಂದ್ರೆ ಮಾದಪ್ಪನ ಪಟ ಮುಂದೆ ನಿಂತು ಆಣೆ ಮಾಡು."

ರಾಮಮ್ಮನಿಗೆ ಮೈ ಉರಿದುಹೋಯಿತು. "ನಾನ್ಯಾಕೆ ಬುದ್ದಿ ಆಣೆ ಮಾಡನ? ಮೂರು ಮೀನ್ಗೆ ಬೆಟ್ಟದಿಂದ ಮಾದಪ್ಪುನ್ನ ಕರೀಬೇಕಾ? ತಿಂದೋರ್ನೇ ಇಡುದ್ಕೊಡ್ತೀನಿ, ನಿಂತ್ಕಳಿ."

ಹೋಗಿ ಹಜಾರದ ಎರಡು ಕಿಟಕಿಯನ್ನೂ ದಢಾರನೆ ಮುಚ್ಚಿದಳು. ಮುದುಕಿಯ ಮಂಚದ ಮೇಲಿದ್ದ ಕಂಬಳಿಯನ್ನು ಎಳೆದು ತಂದು ತೊಟ್ಟಿಯ ಮೇಲೆ ಹೊದಿಸಿದಳು.

"ಅಯ್ಯೋ, ನನ್ ಕಂಬ್ಳಿ ಮುಟ್ಬುಟ್ಲಲ್ಲೋ!"

"ಒಗ್ದು ಕೊಡ್ತೀನಿ ಬುಡಿ ಅವ್ವಾರೆ. ಕತ್ಲಾದ್ರೇನೇ ಇದು ಬ್ಯಾಟೆಗೆ ಇಳಿಯೋದು. ಅಲ್ಲೀಗಂಟ ಯಾರೂ ಉಸ್ರು ಬುಡಬ್ಯಾಡಿ."

ಹಾಗೆಂದು ಅವಳು ತೊಟ್ಟಿಯ ಪಕ್ಕ ನೆಲದ ಮೇಲೆ ಕೂತೇಬಿಟ್ಟಳು. ತಾಯಿ ಮಗ ಮುಖ ಮುಖ ನೋಡಿಕೊಂಡರು. ಹೊರಗೆ ಉರಿಬಿಸಿಲು, ಕೊಟ್ಟಿಗೆಯಿಂದ ಚರಕಗಳ ಗರಗರ ಕೇಳುತ್ತಿತ್ತು. ಬಾಯಲ್ಲಿ ಅಷ್ಟು ಜೋರು ಮಾಡಿದ ರಾಮಮ್ಮ ಕಂಬಳಿಯ ಅಂಚಿಗೆ ಕಿವಿ ಹಚ್ಚಿದಳು. ಈ ಹಾಳು ಸೀಗಡಿ ಇವತ್ತೇ ಉಪವಾಸ ಹಿಡಿದರೆ? ಆಣೆಗೆ ಹೆದರಿ ಆಟ ಕಟ್ಟಿದಳು ಎಂದು ಅದನ್ನೂ ಸೇರಿಸಿ ಊರಿಗೆಲ್ಲ ಸಾರುತ್ತಾರೆ. ಎಷ್ಟು ಹೊತ್ತು ಹೋಯಿತೋ ತಿಳಿಯದು. ಗುರುಪಾದಸ್ವಾಮಿ ಎರಡು ಸಲ ಆಕಳಿಸಿದ. ಮುದುಕಿ "ಸಾಕು ಎದ್ದೇಳು" ಎಂದು ಬಾಯಿ ತೆರೆಯುವುದಕ್ಕೂ ತೊಟ್ಟಿಯೊಳಗೆ ನೀರು ಪಟಪಟನೆ ಬಡಿದುಕೊಳ್ಳುವುದಕ್ಕೂ ಸರಿಹೋಯಿತು.

ರಾಮಮ್ಮ ಕಂಬಳಿ ಸರಿಸಿ ಕಿಟಕಿ ತೆರೆದಳು.

ಶರಣ ಹೆಂಚಿನ ಚೂರಿನ ಮುಂದೆ ಕೂತಿತ್ತು. ಎರಡು ಇಕ್ಕಳದ ನಡುವೆ ಒಂದು ಕೆಂಪು ಮೀನು ಇನ್ನೂ ಬಾಲ ಒದರುತ್ತಿತ್ತು. ಬಾಯಿಯ ಹತ್ತಿರದ ಪುಟ್ಟ ಕೈಗಳು ಒಂದೊಂದೇ ಚೂರು ಕಿತ್ತು ಬಾಯಿಗಿಡುತ್ತಿದ್ದವು. ಮಿಕ್ಕ ಮೀನುಗಳು ಇನ್ನೊಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು.

"ಶಿವ ಶಿವಾ," ಎಂದು ಚನ್ನಾಜಮ್ಮ ಮಂಚದ ಮೇಲೆ ಕುಸಿದಳು.

"ಥೂ, ಪಾಪಿ! ಎತ್ತಿ ಎಸಿ ಅದನ್ನ!" ಎಂದು ಗುರುಪಾದಸ್ವಾಮಿ ಅರಚಿದ.

"ಅದ್ಯಾಕೆ ಪಾಪಿ ಆದದು ಬುದ್ದಿ?" ರಾಮಮ್ಮನ ದನಿ ಏರಿತು. "ಉಳ ತಿನ್ನೋ ಜೀವುಕ್ಕೆ ಅವಲಕ್ಕಿ ಆಕುದ್ರಿ. ಇತ್ಲಲ್ಲಿ ದಿನಾ ಮಂಕರಿಗಟ್ಲೆ ರೇಸ್ಮೆ ಉಳ ಬೇಯಿಸಿ ತಿಪ್ಪೆಗೆ ಸುರೀತೀರಲ್ಲ, ಅದು ಯಾವ ಲೆಕ್ಕ? ಅದ್ರಲ್ಲಿ ನಾಕು ತಂದು ಇಲ್ಲಾಕಿದ್ರೆ ನಿಮ್ ಮೀನೂ ಇರ್ತಿದ್ವು, ನನ್ ಮಾನವೂ ಇರ್ತಿತ್ತು."

ಗುರುಪಾದಸ್ವಾಮಿ ಕೊಟ್ಟಿಗೆಯ ಕಡೆಗೊಮ್ಮೆ ನೋಡಿ ಕೆಮ್ಮಿದ. "ಆಯ್ತು ಬುಡು. ಆದದ್ದು ಆಗೋಯ್ತು. ಅದನ್ನ ತಕಂಡೋಗಿ ಕಾಲುವೆಗೆ ಬುಟ್ಟು ಬಂದು ನೀರು ಬದಲಾಯ್ಸು."

"ಕಾಲುವೆಗೆಲ್ಲಿ ಬುಟ್ಟಾಳು?" ಎಂದಳು ಮುದುಕಿ. ಅವಳಿಗೆ ಸೋಲು ನುಂಗಲಾಗಲಿಲ್ಲ. "ಒಲೆಗೇ ಬುಡ್ತಾಳೆ."

ರಾಮಮ್ಮ ಮೊಣಕೈವರೆಗೆ ಕೈ ಇಳಿಸಿ, ಸೀಗಡಿಯ ತಲೆಯ ಹಿಂದೆ ಹಿಡಿದು ಮೇಲೆತ್ತಿದಳು. ಅದು ಮೀನು ಬಿಟ್ಟು, ತಿರುಗಿ ಇಕ್ಕಳದಿಂದ ಅವಳ ಬೆರಳನ್ನು ಕಚ್ಚಿಕೊಂಡಿತು. ಅವಳು ಬಿಡಿಸಿಕೊಳ್ಳಲಿಲ್ಲ.

"ಊಂ ಅವ್ವಾರೆ, ಒಲೆಗೇ ಬುಡ್ತೀನಿ. ಉಣ್ಸೆಉಳಿ ಇಂಡಿ, ಕಾರ ಅರ್ದು ಸಾರು ಮಾಡ್ತೀನಿ. ನಾನು ಮೀನು ತಿನ್ನೋಳೇ. ಕದಿಯೋಳಲ್ಲ. ಬೆಳಿಗ್ಗೆ ಗೋಡೆ ತಾವ ನಿಂತ್ಕಂಡು ಕೂಗುದ್ರಲ್ಲ, ಈಗ್ಲೂ ಅಲ್ಲೇ ನಿಂತ್ಕಂಡು ಕೂಗಿ. ಅಲ್ಲೀಗಂಟ ನಾನು ಈ ಅಜಾರ ಬುಟ್ಟು ಕದ್ಲಾಕಿಲ್ಲ."

ಮುದುಕಿ ಮಗನನ್ನು ನೋಡಿದಳು. ಮಗ ಗೋಡೆ ನೋಡಿದ. ರಾಮಮ್ಮ ಅಲ್ಲೇ ನಿಂತಿದ್ದಳು. ಕೊನೆಗೆ ಚನ್ನಾಜಮ್ಮ ಮಂಡಿಗೆ ಕೈಕೊಟ್ಟು ಎದ್ದು, ಗೊಣಗುತ್ತ ಹಿತ್ತಲಿಗೆ ಹೋದಳು.

"ಬಸಮ್ಮ," ಎಂಬ ಸಣ್ಣ ದನಿ ಕೇಳಿತು. "ಆ ಮೀನಿನ ಇಚಾರ... ರಾಮಿ ಕದ್ದಿಲ್ಲ."

"ಏನಂದ್ರಿ? ಚರಕದ ಸದ್ದಲ್ಲಿ ಒಂದೂ ಕೇಳುಸ್ನಿಲ್ಲ!" ಎಂದಳು ಗೋಡೆಯಾಚೆಯ ದೊಡ್ಡಬಸಮ್ಮ.

ಆಮೇಲೆ ಒಗೆಯುವ ಕಲ್ಲು ಹತ್ತಿ ನಿಂತಿರಬೇಕು, ಮುದುಕಿಯ ದನಿ ಬೀದಿಗೆಲ್ಲ ಕೇಳುವ ಹಾಗೆ ಬಂತು: "ರಾಮಮ್ಮ ಕದ್ದಿಲ್ಲ ಕಣಮ್ಮೋ! ಮೀನು ತಿಂದಿದ್ದು ನಾನು ಸಾಕ್ದ ಸೀಗ್ಡಿ!"

ರಾಮಮ್ಮನ ಬೆರಳಿನಿಂದ ನೀರೂ ಒಂದಿಷ್ಟು ರಕ್ತವೂ ತೊಟ್ಟಿಕ್ಕಿ ಹಜಾರದ ನೆಲದ ಮೇಲೆ ಬಿದ್ದಿತ್ತು. ಅವಳು ಅದನ್ನು ಒರೆಸಲಿಲ್ಲ.