ಮೂವತ್ತೊಂದನೆಯ ಹಲಗೆ

ಟೊನೊಸೆ ಹೊಳೆಯ ನೆರೆ ಇಳಿದ ಮೂರನೆಯ ಬೆಳಿಗ್ಗೆ ಊರಿಗೆ ಊರೇ ಮರದ ಸೇತುವೆಯ ಬುಡದಲ್ಲಿ ನೆರೆದಿತ್ತು. ಮಿಸಾವೊ ಮಾತ್ರ ಎಲ್ಲರಿಗಿಂತ ಹಿಂದೆ, ಅತ್ತೆಯ ಪಕ್ಕ ನಿಂತಿದ್ದಳು.

ಹೊಳೆಯ ಜೊತೆ ಗುದ್ದಾಡಿ ಗೆದ್ದವರುಂಟೇ? ಅದಕ್ಕೇ ಹಿಂದಿನವರು ಈ ಸೇತುವೆಯ ಹಲಗೆಗಳಿಗೆ ಮೊಳೆಯನ್ನೇ ಹೊಡೆದಿರಲಿಲ್ಲ. ಕಂಬಗಳ ಮೇಲೆ ಸುಮ್ಮನೆ ಇಟ್ಟು ಹಗ್ಗ ಕಟ್ಟಿದ್ದರು. ನೆರೆ ಬಂದರೆ ಹಲಗೆಗಳು ಎದ್ದು ತೇಲುತ್ತವೆ. ನೀರಿಳಿದ ಮೇಲೆ ಎಳೆದು ತಂದು ಮತ್ತೆ ಜೋಡಿಸಿದರಾಯಿತು. ಮನೆಗೊಂದು ಹಲಗೆ. ಮುದಿ ಬಡಗಿ ಗೆನ್‌ಪಾಚಿ ಒಂದೊಂದೇ ಸಂಖ್ಯೆ ಕೂಗುತ್ತಾನೆ. ಆ ಮನೆಯವರು "ಇದ್ದೀನಿ" ಎಂದು ತಮ್ಮ ಹಲಗೆಯ ಮೇಲೆ ಕಾಲಿಡಬೇಕು. ಯಾರೂ ಓಗೊಡದಿದ್ದರೆ ಆ ಮನೆ ಊರಿಗೆ ಇಲ್ಲವೆಂದೇ ಅರ್ಥ. ನಾಟಿಗೆ ಯಾರೂ ಕೈ ಜೋಡಿಸುವುದಿಲ್ಲ, ಸತ್ತರೆ ಹೆಗಲು ಕೊಡುವುದಿಲ್ಲ.

ಹೋದ ವರ್ಷದ ನೆರೆಯಲ್ಲಿ ಹಗ್ಗ ಬಿಗಿಯಲು ಹೋದ ಮಿಸಾವೊಳ ಗಂಡ ಟೊಕುಜಿ, ತಮ್ಮ ಮನೆಯ ಮೂವತ್ತೊಂದನೆಯ ಹಲಗೆಯ ಸಮೇತ ಕೊಚ್ಚಿಹೋಗಿದ್ದ. ಹೆಣ ಸಿಗಲಿಲ್ಲ. ಹೊಸ ಹಲಗೆ ಹಾಕಿ, ಪಾಪ ಎಂದು ಆ ಸಲ ಗೆನ್‌ಪಾಚಿ ಆ ಸಂಖ್ಯೆಯನ್ನೇ ಕೂಗಲಿಲ್ಲ. ಅತ್ತೆ ತೊರಾ ಮಾತ್ರ ಮಗ ಸತ್ತನೆಂದು ಒಪ್ಪಲೇ ಇಲ್ಲ. ಸತ್ತವರ ಅನ್ನದ ಬಟ್ಟಲನ್ನು ಹೆಣ ಎತ್ತುವ ದಿನವೇ ಒಡೆಯಬೇಕು. ಇವಳು ಮಗನ ಬಟ್ಟಲಿಗೆ ದಿನಾ ಬಿಸಿ ಅನ್ನ ಬಡಿಸುತ್ತಿದ್ದಳು.

"ಬಾಯಿ ಬಿಟ್ಟೀಯಾ, ಜೋಕೆ!" ಎಂದಳು ತೊರಾ. "ಅವನ ಜಾಗದಲ್ಲಿ ನೀನು ಓಗೊಟ್ರೆ ನನ್ನ ಮಗನ್ನ ನೀನೇ ಕೊಂದ ಹಾಗೆ."

"ಸುಮ್ನಿದ್ರೆ ಮನೆ ಹೋಗುತ್ತಲ್ಲ ಅತ್ತೆ?"

"ಹೋಗ್ಲಿ ಬಿಡೇ!"

ಮಂಜಿನಲ್ಲಿ ಹಲಗೆಗಳ ಕೆಸರು ತೊಳೆಯುತ್ತಿದ್ದ ಗಂಡಸರ ಗದ್ದಲ ಇದ್ದಕ್ಕಿದ್ದಂತೆ ನಿಂತಿತು. ಹೋದ ವರ್ಷ ಮೂವತ್ತೊಂದನೆಯದಕ್ಕೆ ಹಾಕಿದ್ದ ಹೊಸ ಹಲಗೆ ಇರಲಿಲ್ಲ. ಅದರ ಹಗ್ಗದಲ್ಲಿ ಹಳೆಯದೇ ಇತ್ತು, ಕಪ್ಪಾಗಿ, ಮೂಲೆಯಲ್ಲಿ ಟೊಕುಜಿ ಚಿಲುಮೆ ಬಡಿದು ಸುಟ್ಟ ಕಲೆಯ ಸಮೇತ. ಅದನ್ನೇ ಎತ್ತಿ ಅದರ ಜಾಗದಲ್ಲಿಟ್ಟರು.

ಕೂಗು ಶುರುವಾಯಿತು. ಮೂವತ್ತು ಮುಗಿಯಿತು.

"ಮೂವತ್ತೊಂದು!"

ಅತ್ತೆಯ ಉಗುರು ಮಿಸಾವೊಳ ತೋಳಿಗೆ ನಾಟಿತ್ತು.

"ಮೂವತ್ತೊಂದು!"

"ಇದ್ದೀನಿ."

ದನಿ ಸೇತುವೆಯ ಅಡಿಯಿಂದ, ಮೊಣಕಾಲುದ್ದದ ನೀರಿನಿಂದ ಬಂತು. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ, ಯಾರೋ ಹತ್ತಿ ನಿಂತವರಂತೆ ಆ ಖಾಲಿ ಹಲಗೆ ನಡುವೆ ಬಾಗಿತು. ಅದರ ಮೇಲೆ ತೊಟತೊಟನೆ ನೀರು ಬಿತ್ತು.

"ಬಂದ! ಬರ್ತಾನೆ ಅಂತ ನಾನು ಹೇಳ್ಲಿಲ್ವೇನ್ರೋ!" ತೊರಾ ಚೀರಿದಳು.

"ಉತ್ತರ... ಬಂತಲ್ಲ," ಗೆನ್‌ಪಾಚಿ ತೊದಲಿದ. "ಮನೆ ಉಳೀತು. ಮೂವತ್ತೆ..."

"ತಡಿ ಅಜ್ಜ!"

ಮಿಸಾವೊಗೆ ಹೆದರಿಕೆಗಿಂತ ಹೆಚ್ಚಾಗಿ ಕರುಳು ಕಿತ್ತುಬಂದಿತ್ತು. ಎಲ್ಲೋ ಕೆಸರಿನಲ್ಲಿ ಮಲಗಿದ್ದವನನ್ನು ತನ್ನ ಮೌನವೇ ಎಬ್ಬಿಸಿ ತಂದಿತ್ತು. ಇನ್ನು ಪ್ರತಿ ವರ್ಷವೂ ಎಬ್ಬಿಸುತ್ತದೆ. ಅವಳು ಅತ್ತೆಯ ಕೈ ಕೊಡವಿ ಓಡಿದಳು.

"ನಾನು ಬಾಯಿ ಬಿಡ್ಲಿಲ್ಲ ಅಂತ ಅಷ್ಟು ದೂರದಿಂದ ಬಂದ್ಯಾ? ಸಾಕು ಮಾರಾಯ, ಹೋಗು. ಮನೆ ನಾನು ನೋಡ್ಕೋತೀನಿ."

ಬಾಗಿದ ಹಲಗೆಯ ಮೇಲೆ ಕಾಲಿಟ್ಟು, ಊರಿಗೆಲ್ಲ ಕೇಳುವಂತೆ ಕೂಗಿದಳು: "ಇದ್ದೀನಿ!"

ದೋಣಿಯಿಂದ ಒಬ್ಬರು ಇಳಿದಂತೆ, ಅವಳ ಕಾಲಡಿಯ ಹಲಗೆ ಮೆಲ್ಲನೆ ಮೇಲೆದ್ದಿತು.

ಗೆನ್‌ಪಾಚಿ ಮೂವತ್ತೆರಡು ಕೂಗಿದ. ತೊರಾ ಕೆಸರಿನಲ್ಲಿ ಕುಸಿದು ಕೂತಿದ್ದಳು. ಈಗ ಊರೆದುರಿಗೇ ಬೈಗುಳ ಗ್ಯಾರಂಟಿ ಎಂದುಕೊಂಡು ಮಿಸಾವೊ ಅವಳನ್ನು ಹಿಡಿದೆತ್ತಿದಳು.

"ಅವನ ದನಿ ನಡುಗ್ತಿತ್ತು ಕಣೆ," ಎಂದಳು ಮುದುಕಿ. "ಎಷ್ಟು ಚಳಿಯೋ ಏನೋ ನನ್ನ ಕಂದನಿಗೆ. ನಡಿ, ಬಟ್ಟಲು ಒಡೆಯೋಣ."